ಕೆರೆಯ ಖಾತೆ ಓದುವುದು ಹೇಗೆ?

ಪ್ರಥಮ ಪಿಯುಸಿಯ ಲೆಕ್ಕಶಾಸ್ತ್ರದಲ್ಲಿ ನಾವೆಲ್ಲ ನಗದು ಪುಸ್ತಕ ಬರೆಯಲು ಕಲಿತೆವು. ಆರಂಭದ ಶಿಲ್ಕು, ಬಂದದ್ದು, ಹೋದದ್ದು, ಕೊನೆಯ ಶಿಲ್ಕು. ಪರೀಕ್ಷೆಯಲ್ಲಿ ಕೊನೆಯ ಶಿಲ್ಕು ಸರಿ ಬಂದರೆ ನಮಗೆ ಸಮಾಧಾನ. ಆದರೆ ಅಂಗಡಿ ನಡೆಸುವವನಿಗೆ ಅಷ್ಟು ಸಾಲದು. ಇವತ್ತು ಗಲ್ಲಾದಲ್ಲಿ ಹತ್ತು ಸಾವಿರ ಇದೆ ಎಂದ ಮಾತ್ರಕ್ಕೆ ಅಂಗಡಿ ಚೆನ್ನಾಗಿದೆ ಎನ್ನಲಾಗದು. ದಿನಕ್ಕೆ ಎಷ್ಟು ಬರುತ್ತಿದೆ, ಎಷ್ಟು ಹೋಗುತ್ತಿದೆ ಎಂದು ನೋಡಿದರೆ ಮಾತ್ರ ಅದು ಇನ್ನೆಷ್ಟು ದಿನ ನಡೆಯುತ್ತದೆ ಎಂಬುದು ತಿಳಿಯುತ್ತದೆ.

ಇದೇ ಮಾತನ್ನು ನೀರಿಗೂ ಅನ್ವಯಿಸಬಹುದು ಎಂದು ಈ ಲೇಖನದಲ್ಲಿ ಹೇಳಲು ಪ್ರಯತ್ನಿಸುತ್ತೇನೆ. ಇದಕ್ಕೆ ವ್ಯವಸ್ಥಾ ಚಿಂತನೆ ಎಂದು ಹೆಸರು. ಉದಾಹರಣೆಗೆ ದೂರ ಹೋಗಬೇಕಿಲ್ಲ. ನಮ್ಮೂರು ಕಲಘಟಗಿ ತಾಲ್ಲೂಕಿನ ದುಮ್ಮವಾಡ. ಹತ್ತಿರದಲ್ಲೇ ನೀರಸಾಗರ ಕೆರೆ ಇದೆ.

ಎರಡು ನೆನಪು

ನಾನು ಮೂರನೇ ತರಗತಿಯಲ್ಲಿದ್ದಾಗ, ಅಂದರೆ 2016-17ರ ಬರದಲ್ಲಿ, ನೀರಸಾಗರ ಬತ್ತಿತ್ತು. ನೀರಿರಬೇಕಾದ ಜಾಗದಲ್ಲಿ ನೆಲ ಬಿರುಕು ಬಿಟ್ಟು ದನಗಳು ಓಡಾಡುತ್ತಿದ್ದವು. ಆರನೇ ತರಗತಿಯಲ್ಲಿದ್ದಾಗ, 2019ರ ಆಗಸ್ಟ್ ಮಳೆಗೆ ಅದೇ ಕೆರೆ ತುಂಬಿ ಹರಿಯಿತು. ಸುತ್ತಲಿನ ಊರುಗಳಿಂದ ಜನ ಬಂದು ಫೋಟೋ ತೆಗೆಸಿಕೊಂಡರು.

ಆಗ ಕೆರೆ ಯಾಕೆ ಬತ್ತಿತು ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: ಮಳೆ ಆಗಲಿಲ್ಲ. ಯಾಕೆ ತುಂಬಿತು ಎಂದರೂ ಒಂದೇ ಉತ್ತರ: ಮಳೆ ಆಯಿತು. ಉತ್ತರ ತಪ್ಪಲ್ಲ. ಆದರೆ ಅದು ಖಾತೆಯ ಒಂದೇ ಸಾಲನ್ನು ಓದಿದಂತೆ. ಮಳೆ ನಮ್ಮ ಕೈಯಲ್ಲಿಲ್ಲ. ಮಳೆಯೊಂದೇ ಕಾರಣವಾದರೆ ನಾವು ಮಾಡುವುದೇನೂ ಉಳಿಯುವುದಿಲ್ಲ. ಬೇರೆ ಸಾಲುಗಳೂ ಇವೆ ಎಂದಾದರೆ ಮಾತ್ರ ಮಾತು ಮುಂದುವರಿಯುತ್ತದೆ.

ಬಾನಿಯ ಚಿತ್ರ

ನಮ್ಮ ಅರ್ಥಶಾಸ್ತ್ರದ ಸರ್ ಒಂದು ದಿನ ಬೋರ್ಡಿನ ಮೇಲೆ ನೀರಿನ ಬಾನಿಯ ಚಿತ್ರ ಬರೆದರು. ಮೇಲೆ ಒಂದು ನಳ, ತಳದಲ್ಲಿ ಒಂದು ತೂತು. ಬಾನಿಯಲ್ಲಿರುವ ನೀರು ಸಂಗ್ರಹ. ನಳದಿಂದ ಬರುವುದು ಒಳಹರಿವು, ತೂತಿನಿಂದ ಹೋಗುವುದು ಹೊರಹರಿವು. ನಳ ಜೋರಾಗಿ ಬಿಟ್ಟಿದ್ದರೂ ತೂತು ಅದಕ್ಕಿಂತ ದೊಡ್ಡದಾಗಿದ್ದರೆ ಬಾನಿ ಖಾಲಿಯಾಗುತ್ತದೆ. ನಳ ಹನಿಹನಿಯಾಗಿ ಬಿಟ್ಟರೂ ತೂತು ಮುಚ್ಚಿದ್ದರೆ ಬಾನಿ ತುಂಬುತ್ತದೆ. ಈ ಚಿತ್ರವನ್ನು ಪ್ರಸಿದ್ಧಗೊಳಿಸಿದವರು ಅಮೆರಿಕದ ಡೊನೆಲ್ಲಾ ಮೆಡೋಸ್. 1972ರಲ್ಲಿ ಬಂದ 'ದ ಲಿಮಿಟ್ಸ್ ಟು ಗ್ರೋತ್' ಪುಸ್ತಕದ ಲೇಖಕರಲ್ಲಿ ಅವರೂ ಒಬ್ಬರು. ವ್ಯವಸ್ಥೆಗಳ ಬಗ್ಗೆ ಅವರು ಬರೆದಿಟ್ಟ ಪಾಠ ಅವರ ಮರಣದ ನಂತರ 2008ರಲ್ಲಿ ಪುಸ್ತಕವಾಯಿತು.

ಈ ವಿದ್ಯೆ ಶುರುವಾದದ್ದು ವಾಣಿಜ್ಯದ ಪ್ರಶ್ನೆಯಿಂದಲೇ ಎಂಬುದು ನಮಗೆ ಖುಷಿ ಕೊಡುವ ವಿಷಯ. 1950ರ ದಶಕದಲ್ಲಿ ಎಂಐಟಿಯ ಜೇ ಫಾರೆಸ್ಟರ್ ಅವರ ಮುಂದೆ ಒಂದು ಸಮಸ್ಯೆ ಬಂತು. ಜನರಲ್ ಎಲೆಕ್ಟ್ರಿಕ್ ಕಂಪನಿಯ ಗೃಹೋಪಯೋಗಿ ಯಂತ್ರಗಳ ಕಾರ್ಖಾನೆಯಲ್ಲಿ ಕೆಲವು ವರ್ಷ ಕೆಲಸಗಾರರು ಸಾಲುತ್ತಿರಲಿಲ್ಲ, ಕೆಲವು ವರ್ಷ ಅರ್ಧ ಜನರಿಗೆ ಕೆಲಸವೇ ಇರುತ್ತಿರಲಿಲ್ಲ. ಕಂಪನಿಯವರು ಮಾರುಕಟ್ಟೆಯ ಏರಿಳಿತವೇ ಕಾರಣ ಎಂದುಕೊಂಡಿದ್ದರು. ಫಾರೆಸ್ಟರ್ ಕಾಗದದ ಮೇಲೆ ವಾರವಾರದ ಲೆಕ್ಕ ಬರೆದು ನೋಡಿದರು. ಹೊರಗಿನ ಬೇಡಿಕೆ ಸ್ಥಿರವಾಗಿದ್ದರೂ ಕಂಪನಿಯ ಒಳಗಿನ ದಾಸ್ತಾನು ಮತ್ತು ನೇಮಕಾತಿಯ ನಿರ್ಧಾರಗಳೇ ಆ ಏರಿಳಿತವನ್ನು ಹುಟ್ಟಿಸಬಲ್ಲವು ಎಂದು ಗೊತ್ತಾಯಿತು. ಇದು ಮೊದಲ ಪಾಠ: ತೊಂದರೆ ಹೊರಗಿನಿಂದ ಬಂತು ಎನ್ನುವ ಮೊದಲು ನಮ್ಮ ಲೆಕ್ಕವನ್ನು ನಾವೇ ನೋಡಬೇಕು.

ಕೆರೆಯ ಜಮಾ ಮತ್ತು ಖರ್ಚು

ಈಗ ನೀರಸಾಗರದ ಖಾತೆ ತೆರೆಯೋಣ. ಜಮಾ ಬದಿಯಲ್ಲಿ ಎರಡು ಸಾಲು: ಕೆರೆಯ ಮೇಲೆಯೇ ಬೀಳುವ ಮಳೆ, ಮತ್ತು ಬೇಡ್ತಿ ಹಳ್ಳದಲ್ಲಿ ಹರಿದು ಬರುವ ನೀರು. ಖರ್ಚಿನ ಬದಿಯಲ್ಲಿ ಹುಬ್ಬಳ್ಳಿಗೆ ಪಂಪ್ ಮಾಡುವ ಕುಡಿಯುವ ನೀರು, ನೆಲಕ್ಕೆ ಇಂಗುವುದು, ತುಂಬಿದಾಗ ಹರಿದು ಹೋಗುವುದು, ಮತ್ತು ಕಣ್ಣಿಗೆ ಕಾಣದ ಆವಿ.

ಆವಿಯನ್ನು ನಾವು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ನೀರು ಎಂದರೆ ಒಂದು ಲೀಟರ್. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ಆವಿಯಾದರೆ ಒಂದು ಎಕರೆ ನೀರಿನಿಂದ ದಿನಕ್ಕೆ 20,000 ಲೀಟರಿಗಿಂತ ಹೆಚ್ಚು ಹೋಗುತ್ತದೆ. ಅಂದರೆ 200 ಲೀಟರಿನ ನೂರು ಡ್ರಮ್. ಅದೂ ಒಂದೇ ಎಕರೆಗೆ, ಒಂದೇ ದಿನಕ್ಕೆ.

ಇನ್ನು ಹೂಳು. ಲೆಕ್ಕಶಾಸ್ತ್ರದ ಮಾತಿನಲ್ಲಿ ಇದು ಸವಕಳಿ. ಯಂತ್ರದ ಬೆಲೆ ವರ್ಷ ವರ್ಷ ಇಳಿಯುವಂತೆ ಕೆರೆಯ ಹೊಟ್ಟೆಯೂ ವರ್ಷ ವರ್ಷ ತುಂಬಿಕೊಳ್ಳುತ್ತದೆ. ಆದರೆ ಇಲ್ಲಿ ಇನ್ನೊಂದು ನಷ್ಟವಿದೆ. ಒಂದು ಕೊಡ ನೀರನ್ನು ಕೊಡದಲ್ಲೇ ಇಟ್ಟರೆ ಎಷ್ಟೋ ದಿನ ಇರುತ್ತದೆ. ಅದೇ ನೀರನ್ನು ಅಗಲವಾದ ಪರಾತಗಳಲ್ಲಿ ಹರಡಿ ಬಿಸಿಲಿಗಿಟ್ಟರೆ ಬೇಗ ಆರುತ್ತದೆ. ಹೂಳು ತುಂಬಿದ ಕೆರೆ ಕೊಡದಿಂದ ಪರಾತವಾಗುತ್ತದೆ. ಅಗಲ ಅಷ್ಟೇ, ಆಳ ಕಡಿಮೆ. ಇರುವ ನೀರಿನಲ್ಲಿ ಆವಿಯ ಪಾಲು ಹೆಚ್ಚಾಗುತ್ತದೆ. ಕೆರೆ ತುಂಬಿದಾಗ ಫೋಟೋದಲ್ಲಿ ಇದು ಕಾಣುವುದಿಲ್ಲ.

ಮಳೆ ಇದ್ದರೂ ನೀರು ಬಾರದ ಕೆರೆ

ಜಮಾ ಬದಿಯ ಎರಡನೇ ಸಾಲು, ಅಂದರೆ ಹಳ್ಳದ ಹರಿವು, ಮಳೆಯನ್ನು ಮಾತ್ರ ನಂಬಿಕೊಂಡಿಲ್ಲ. ಇದಕ್ಕೆ ನಮ್ಮ ರಾಜ್ಯದಲ್ಲೇ ದೊಡ್ಡ ಉದಾಹರಣೆ ಇದೆ. ಬೆಂಗಳೂರಿಗೆ ನೀರು ಕೊಡಲು 1930ರ ದಶಕದಲ್ಲಿ ಅರ್ಕಾವತಿ ನದಿಗೆ ತಿಪ್ಪಗೊಂಡನಹಳ್ಳಿ ಜಲಾಶಯ ಕಟ್ಟಿದರು. ಕಳೆದ ಕೆಲವು ದಶಕಗಳಲ್ಲಿ ಅದಕ್ಕೆ ಬರುವ ನೀರು ತೀರಾ ಕುಸಿಯಿತು. ಏಟ್ರೀ ಸಂಸ್ಥೆಯ ಸಂಶೋಧಕರು ಅರ್ಕಾವತಿ ಜಲಾನಯನವನ್ನು ಅಧ್ಯಯನ ಮಾಡಿದಾಗ ಮಳೆಯ ಕೊರತೆಯಿಂದ ಇದನ್ನು ವಿವರಿಸಲು ಆಗಲಿಲ್ಲ. ಬೋರ್‌ವೆಲ್‌ಗಳಿಂದ ಅಂತರ್ಜಲ ಕೆಳಗಿಳಿದಿತ್ತು, ನೀಲಗಿರಿ ತೋಪುಗಳು ಹೆಚ್ಚಾಗಿದ್ದವು. ಮೊದಲು ಮಳೆ ನಿಂತ ಮೇಲೂ ನೆಲದೊಳಗಿನ ನೀರು ಒಸರಿ ಹೊಳೆ ಹರಿಯುತ್ತಿತ್ತು. ಅಂತರ್ಜಲ ಹೊಳೆಯ ತಳಕ್ಕಿಂತ ಕೆಳಗೆ ಹೋದ ಮೇಲೆ ಆ ಒಸರು ನಿಂತಿತು.

ಅಲ್ಲಿ ಬೋರ್‌ವೆಲ್ ಕೊರೆಸಿದ ಯಾವ ರೈತನೂ ಜಲಾಶಯ ಒಣಗಿಸಬೇಕೆಂದು ಕೊರೆಸಲಿಲ್ಲ. ಪ್ರತಿಯೊಬ್ಬರ ಲೆಕ್ಕ ಅವರವರ ಮಟ್ಟಿಗೆ ಸರಿಯಾಗಿತ್ತು. ಎಲ್ಲರ ಲೆಕ್ಕ ಕೂಡಿದಾಗ ತಪ್ಪಾಯಿತು. ಇದು ಎರಡನೇ ಪಾಠ. ಇದೇ ಪ್ರಶ್ನೆಯನ್ನು ನಾವು ನೀರಸಾಗರಕ್ಕೂ ಕೇಳಬೇಕು.

ದೂರ ಹೋಗುವ ಅಭ್ಯಾಸ

ಹುಬ್ಬಳ್ಳಿಯ ನೀರಿನ ಕಥೆ ನೋಡಿ. ಮೊದಲು ಉಣಕಲ್ ಕೆರೆ. ಊರು ಬೆಳೆಯಿತು, ನೀರು ಸಾಲಲಿಲ್ಲ. 1950ರ ದಶಕದಲ್ಲಿ ನಮ್ಮ ಬದಿಗೆ ಬಂದು ನೀರಸಾಗರ ಕಟ್ಟಿದರು. ಊರು ಮತ್ತೆ ಬೆಳೆಯಿತು. 1980ರ ದಶಕದಲ್ಲಿ ಸವದತ್ತಿಯ ರೇಣುಕಾಸಾಗರದಿಂದ ಮಲಪ್ರಭೆಯ ನೀರು ತಂದರು. ಅದನ್ನು ಅಮ್ಮಿನಭಾವಿಯಲ್ಲಿ ಶುದ್ಧ ಮಾಡಿ ಕಳಿಸುತ್ತಾರೆ. ಮಲಪ್ರಭೆಯೂ ಸಾಲದೆ ಈಗ ಮಹದಾಯಿಯ ಮೇಲೆ ಕಣ್ಣು. ಕಳಸಾ-ಬಂಡೂರಿಗಾಗಿ ನವಲಗುಂದದ ರೈತರು 2015ರಿಂದ ನಡೆಸಿದ ಹೋರಾಟ ನಮಗೆಲ್ಲ ಗೊತ್ತು. 2018ರಲ್ಲಿ ನ್ಯಾಯಮಂಡಳಿ ಕಳಸಾ-ಬಂಡೂರಿಗೆ 3.9 ಟಿಎಂಸಿ ಕೊಟ್ಟಿತು.

ಆ ನೀರು ಬೇಡ ಎಂದು ನಾನು ಹೇಳುತ್ತಿಲ್ಲ. ಬಾಯಾರಿದವರಿಗೆ ನೀರು ಬೇಕೇ ಬೇಕು. ಆದರೆ ಈ ಸಾಲಿನಲ್ಲಿ ಒಂದು ಸುತ್ತು ಕಾಣುತ್ತದೆ. ನೀರು ಸಾಲದಾದಾಗ ಹೊಸ ಮೂಲ ತರುತ್ತೇವೆ. ಹೊಸ ಮೂಲ ಬಂದ ಕೂಡಲೇ ಹಳೆಯ ಕೆರೆಯ ಹೂಳು, ಸೋರುವ ಪೈಪು, ಪೋಲಾಗುವ ನೀರು ಯಾರಿಗೂ ತುರ್ತು ಅನಿಸುವುದಿಲ್ಲ. ಅದರಿಂದ ಹಳೆಯ ಮೂಲ ಇನ್ನಷ್ಟು ಸೊರಗುತ್ತದೆ. ಆಗ ಇನ್ನೂ ದೂರದ ಮೂಲ ಬೇಕಾಗುತ್ತದೆ. ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡಿದಂತೆ. ತನ್ನನ್ನು ತಾನೇ ಹೆಚ್ಚಿಸಿಕೊಳ್ಳುವ ಇಂಥ ಸುತ್ತಿಗೆ 'ಬೆಳೆಸುವ ಸುತ್ತು' ಎನ್ನೋಣ. ಹಸಿವಾದಾಗ ಉಂಡು, ಹೊಟ್ಟೆ ತುಂಬಿದಾಗ ನಿಲ್ಲಿಸುವಂಥದ್ದು 'ತಡೆಯುವ ಸುತ್ತು'. ಎರಡೂ ಇದ್ದರೆ ವ್ಯವಸ್ಥೆ ನಿಲ್ಲುತ್ತದೆ. ಬೆಳೆಸುವ ಸುತ್ತು ಮಾತ್ರ ಇದ್ದರೆ ಮುರಿಯುತ್ತದೆ.

ಸಣ್ಣ ಉದಾಹರಣೆ ಹುಬ್ಬಳ್ಳಿಯ ನನ್ನ ಖಾಲಾ ಮನೆಯದು. ಅವರ ಓಣಿಗೆ ಕೆಲವು ದಿನಗಳಿಗೊಮ್ಮೆ ನೀರು ಬರುತ್ತದೆ. ಮತ್ತೆ ಯಾವಾಗಲೋ ಎಂಬ ಹೆದರಿಕೆಯಿಂದ ಖಾಲಾ ಡ್ರಮ್ಮು, ಹಂಡೆ, ಬಕೀಟು ಎಲ್ಲ ತುಂಬಿಡುತ್ತಾರೆ. ಹೊಸ ನೀರು ಬಂದ ದಿನ ಉಳಿದ ಹಳೆಯ ನೀರನ್ನು ಗಟಾರಕ್ಕೆ ಚೆಲ್ಲಿ ಮತ್ತೆ ತುಂಬುತ್ತಾರೆ. ಓಣಿಯ ಎಲ್ಲರೂ ಹಾಗೆಯೇ. ಕೊರತೆಯೇ ಪೋಲು ಹುಟ್ಟಿಸುತ್ತಿದೆ, ಪೋಲು ಕೊರತೆಯನ್ನು ಹೆಚ್ಚಿಸುತ್ತಿದೆ. 2008ರಲ್ಲಿ ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಲ್ಲಿ ಮೀಟರ್ ಇಟ್ಟು ದಿನದ 24 ಗಂಟೆ ನೀರು ಕೊಡುವ ಪ್ರಯೋಗ ಶುರುವಾಯಿತು. ನಳ ತಿರುವಿದಾಗ ನೀರು ಬರುತ್ತದೆ ಎಂಬ ಭರವಸೆ ಇದ್ದರೆ ಹಳೆಯ ನೀರು ಚೆಲ್ಲುವ ಕಾರಣವೇ ಉಳಿಯುವುದಿಲ್ಲ. ಮೀಟರ್ ಇದ್ದರೆ ತಡೆಯುವ ಸುತ್ತು ತಾನಾಗಿ ಸಿಗುತ್ತದೆ. ಖಾಲಾಗೆ ಬುದ್ಧಿ ಹೇಳುವುದಕ್ಕಿಂತ ಅವರ ಹೆದರಿಕೆಯ ಕಾರಣ ತೆಗೆಯುವುದು ಹೆಚ್ಚು ಉಪಯೋಗ.

ಆಳ ಹೋಗುವ ಅಭ್ಯಾಸ

ಪಟ್ಟಣದವರು ದೂರ ಹೋಗುತ್ತಾರೆ ಎಂದು ಬರೆಯುವುದು ನನಗೆ ಸುಲಭ. ಆದರೆ ನಾವು ಹಳ್ಳಿಯವರು ಆಳ ಹೋಗುತ್ತೇವೆ. ಇದು ಈ ವರ್ಷ ನಮ್ಮ ಮನೆಯಲ್ಲೇ ನಡೆದದ್ದು.

ನಮಗೆ ನಾಲ್ಕು ಎಕರೆ ಹೊಲ, ಒಂದು ಬೋರ್‌ವೆಲ್. ಎರಡು ಎಕರೆಯಲ್ಲಿ ಕಬ್ಬು. ನಮ್ಮ ಭಾಗದ ಕಬ್ಬು ಹಳಿಯಾಳದ ಕಾರ್ಖಾನೆಗೆ ಹೋಗುತ್ತದೆ. ಏಪ್ರಿಲ್‌ನಲ್ಲಿ ನೀರು ಕಡಿಮೆಯಾದಾಗ ಅಬ್ಬಾ ಇನ್ನೊಂದು ಬೋರ್‌ವೆಲ್ ಕೊರೆಸುವ ಮಾತೆತ್ತಿದರು. ದುಡ್ಡಿಗೆ ಅಮ್ಮಿಯ ಬಂಗಾರ ಅಡ ಇಡಬೇಕು. ಬಡ್ಡಿಯ ಮಾತು ಬಂದಾಗ ಅಮ್ಮಿ ಸುಮ್ಮನೆ ಎದ್ದು ಒಳಗೆ ಹೋದರು.

ನಾನು ಜನವರಿಯಿಂದ ಒಂದು ವಹಿಯಲ್ಲಿ ಲೆಕ್ಕ ಇಟ್ಟಿದ್ದೆ. ಪ್ರತಿ ರವಿವಾರ ಬೋರ್‌ವೆಲ್ ಪೈಪಿನ ಕೆಳಗೆ 200 ಲೀಟರಿನ ಡ್ರಮ್ ಇಟ್ಟು ತುಂಬಲು ಎಷ್ಟು ಸೆಕೆಂಡು ಬೇಕು ಎಂದು ಮೊಬೈಲಿನಲ್ಲಿ ನೋಡುವುದು, ಅಷ್ಟೇ. ಜನವರಿಯಲ್ಲಿ 100 ಸೆಕೆಂಡು. ಏಪ್ರಿಲ್ ಕೊನೆಗೆ 190. ಅಂದರೆ ನೀರು ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು. ಇನ್ನೊಂದು ವಿಷಯವೂ ಕಂಡಿತು. ಪಕ್ಕದ ಹೊಲದ ಮೋಟಾರು ನಿಂತಿದ್ದ ದಿನ ನಮ್ಮ ಡ್ರಮ್ ಬೇಗ ತುಂಬುತ್ತಿತ್ತು. ಆ ಹೊಲದ ಕಾಕಾಗೆ ಇದನ್ನು ಹೇಳಿದೆ. ಅವರು ನಕ್ಕು, "ಹೌದಲ್ಲ ಯವ್ವಾ, ನಿಮ್ಮ ಮೋಟಾರು ಚಾಲೂ ಆತಂದ್ರ ನಮ್ಮದು ಗಾಳಿ ಹೊಡಿತೈತಿ. ನಿಮ್ಮ ಅಪ್ಪಗ ಹೆಂಗ ಹೇಳೂದು ಅಂತ ಸುಮ್ನಿದ್ದೆ" ಎಂದರು.

ನಮ್ಮ ಧಾರವಾಡದ ನೆಲದ ಕೆಳಗೆ ಗಟ್ಟಿ ಕಲ್ಲು. ನೀರು ಇರುವುದು ಮೇಲಿನ ಸವೆದ ಪದರದಲ್ಲಿ ಮತ್ತು ಕಲ್ಲಿನ ಬಿರುಕುಗಳಲ್ಲಿ. ಒಂದೇ ಬಿರುಕಿಗೆ ಎರಡು ಬೋರ್‌ವೆಲ್ ತಾಗಿದರೆ ನೀರು ಎರಡರಷ್ಟು ಆಗುವುದಿಲ್ಲ. ಅಬ್ಬಾಗೆ ನಾನು ಹೇಳಿದ್ದು ಇಷ್ಟೇ: "ಅಬ್ಬಾ, ಎರಡನೇ ಬೋರ್‌ವೆಲ್ ಎಂದರೆ ಎರಡನೇ ಖಾತೆ ಅಲ್ಲ. ಅದೇ ಖಾತೆಗೆ ಎರಡನೇ ಚೆಕ್‌ಬುಕ್."

ಆಮೇಲೆ ಇಬ್ಬರೂ ಕೂತು ಸುತ್ತಿನ ಚಿತ್ರ ಬರೆದೆವು. ಬೋರ್‌ವೆಲ್‌ಗೆ ಸಾಲ. ಸಾಲ ತೀರಿಸಲು ಹೆಚ್ಚು ಕಬ್ಬು. ಹೆಚ್ಚು ಕಬ್ಬಿಗೆ ವರ್ಷವಿಡೀ ನೀರು. ನೀರು ಇಳಿದಂತೆ ಇನ್ನೂ ಆಳ, ಇನ್ನೂ ಸಾಲ. ಇದನ್ನು ತಡೆಯುವ ಸುತ್ತು ಎಲ್ಲಿದೆ ಎಂದು ಹುಡುಕಿದೆವು. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ನಮ್ಮ ರಾಜ್ಯದಲ್ಲಿ ಕರೆಂಟ್ ಉಚಿತ. ಹಾಗಾಗಿ ಒಂದು ಲೀಟರ್ ಹೆಚ್ಚು ಎತ್ತಿದರೂ ಬಿಲ್ ಬರುವುದಿಲ್ಲ. ಕರೆಂಟ್ ಬಂದ ಕೂಡಲೇ ಆಟೋ ಸ್ಟಾರ್ಟರ್ ಮೋಟಾರು ಚಾಲೂ ಮಾಡುತ್ತದೆ. ರೈತನಿಗೆ ಈ ಸಹಾಯ ಬೇಕು, ಅದಿಲ್ಲದೆ ನಮ್ಮಂಥ ಮನೆಗಳು ನಡೆಯುವುದಿಲ್ಲ. ಆದರೆ ನಿಲ್ಲಿಸು ಎಂದು ಹೇಳುವ ಸೂಚನೆ ಎಲ್ಲೂ ಇಲ್ಲ. ಮೋಟಾರು ಗಾಳಿ ಹೊಡೆದಾಗ ಮಾತ್ರ ನಮಗೆ ಗೊತ್ತಾಗುತ್ತದೆ. ಅಷ್ಟರಲ್ಲಿ ತಡವಾಗಿರುತ್ತದೆ. ಕಾರಣಕ್ಕೂ ಪರಿಣಾಮಕ್ಕೂ ನಡುವಿನ ಈ ವಿಳಂಬವೇ ಮೂರನೇ ಪಾಠ. ನನ್ನ ಡ್ರಮ್ಮಿನ ಲೆಕ್ಕ ಆ ಸೂಚನೆಯನ್ನು ಸ್ವಲ್ಪ ಬೇಗ ಕೊಟ್ಟಿತು.

ಅಬ್ಬಾ ಈ ವರ್ಷ ಕೊರೆಸಲಿಲ್ಲ. ಒಂದು ಎಕರೆ ಕಬ್ಬಿನ ಕೂಳೆ ತೆಗೆದು ಮುಂಗಾರಿಗೆ ಸೋಯಾಬೀನ್ ಹಾಕಿದ್ದಾರೆ, ಹಿಂಗಾರಿಗೆ ಕಡಲೆ ಹಾಕುವ ವಿಚಾರ ಇದೆ. ಕಬ್ಬಿನಷ್ಟು ದುಡ್ಡು ಇದರಲ್ಲಿ ಬಾರದೇ ಹೋಗಬಹುದು. ಕಾಕಾ ಮತ್ತು ಅಬ್ಬಾ ದಿನ ಬಿಟ್ಟು ದಿನ ಮೋಟಾರು ಹಚ್ಚುವುದೆಂದು ಮಾತಾಡಿಕೊಂಡಿದ್ದಾರೆ. ಆದರೆ ಮೇ ತಿಂಗಳಲ್ಲಿ ಅದೇ ಬದಿಯ ಇನ್ನೊಂದು ಹೊಲದಲ್ಲಿ ಹೊಸ ಬೋರ್‌ವೆಲ್ ಕೊರೆದರು. ರಾತ್ರಿಯಿಡೀ ಯಂತ್ರದ ಸದ್ದು ಕೇಳುತ್ತಿತ್ತು. ಅಬ್ಬಾ, "ನಾವು ಬಿಟ್ಟ ನೀರು ಅವರಿಗೆ ಹೋಯಿತು ನೋಡು ಬೇಟಾ" ಎಂದರು. ನನ್ನ ಬಳಿ ಉತ್ತರ ಇರಲಿಲ್ಲ.

ಒಬ್ಬರಿಂದ ಆಗುವುದಿಲ್ಲ

ಉತ್ತರಕ್ಕಾಗಿ ಹುಡುಕಿದಾಗ ಎಲಿನಾರ್ ಆಸ್ಟ್ರಮ್ ಅವರ ಹೆಸರು ಸಿಕ್ಕಿತು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ. ಎಲ್ಲರಿಗೂ ಸೇರಿದ ನೀರು, ಕಾಡು, ಹುಲ್ಲುಗಾವಲು ಹಾಳಾಗುವುದೇ ಗತಿ ಎಂಬ ಮಾತನ್ನು ಅವರು ಒಪ್ಪಲಿಲ್ಲ. ಬಳಸುವವರೇ ಸೇರಿ ನಿಯಮ ಮಾಡಿ, ಅವರೇ ಅದರ ಮೇಲೆ ಕಣ್ಣಿಟ್ಟ ಕಡೆ ಇಂಥ ಆಸ್ತಿ ಬಹುಕಾಲ ಉಳಿದಿದೆ ಎಂದು ಅನೇಕ ದೇಶಗಳ ಉದಾಹರಣೆಗಳಿಂದ ತೋರಿಸಿದರು. ನಮಗೆ ಇದು ಹೊಸದೇನಲ್ಲ. ಹಳೇ ಮೈಸೂರು ಭಾಗದ ಕೆರೆಗಳಲ್ಲಿ ಯಾರ ಗದ್ದೆಗೆ ಎಷ್ಟು ನೀರು ಎಂದು ಬಿಡಲು ನೀರುಗಂಟಿ ಇರುತ್ತಿದ್ದ. ಕೆರೆಯ ನೀರು ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಹಂಚಲು ಬರುತ್ತದೆ. ನೆಲದ ಕೆಳಗಿನ ನೀರು ಕಾಣುವುದಿಲ್ಲ. ಕಾಣುವಂತೆ ಮಾಡುವುದೇ ಮೊದಲ ಕೆಲಸ. ನಾಲ್ಕು ಹೊಲದವರು ನಾಲ್ಕು ಡ್ರಮ್ಮಿನ ಲೆಕ್ಕ ಇಟ್ಟು ಒಂದೇ ಹಾಳೆಯಲ್ಲಿ ಬರೆದರೆ ಮಾತಿಗೆ ಆಧಾರ ಸಿಗುತ್ತದೆ. ಹೊಸ ಬೋರ್‌ವೆಲ್‌ನವರನ್ನೂ ಬರುವ ಜನವರಿಯಿಂದ ಇದರಲ್ಲಿ ಸೇರಿಸಿಕೊಳ್ಳಬೇಕೆಂದು ಕಾಕಾ ಹೇಳಿದ್ದಾರೆ.

ಹರಿಯುವ ನದಿಯ ದಂಡೆಯಲ್ಲಿದ್ದರೂ ವುಝೂ ಮಾಡುವಾಗ ನೀರು ಪೋಲು ಮಾಡಬಾರದು ಎಂದು ನಾವು ಚಿಕ್ಕಂದಿನಲ್ಲೇ ಕಲಿತಿದ್ದೇವೆ. ನದಿಯಲ್ಲಿ ಅಷ್ಟು ನೀರಿರುವಾಗ ಒಂದು ಬೊಗಸೆ ಹೆಚ್ಚಾದರೆ ಏನು ಎಂದು ಆಗ ಅನಿಸುತ್ತಿತ್ತು. ಈಗ ಅರ್ಥವಾಗುತ್ತಿದೆ. ನಮ್ಮ ಬೇಡ್ತಿ ಹಳ್ಳ ನೀರಸಾಗರದಲ್ಲೇ ಮುಗಿಯುವುದಿಲ್ಲ. ಯಲ್ಲಾಪುರದ ಬಳಿ ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರಿನಿಂದ ಅರಬ್ಬೀ ಸಮುದ್ರ ಸೇರುತ್ತದೆ. ನಮ್ಮ ಹೊರಹರಿವು ಮುಂದಿನ ಊರಿನ ಒಳಹರಿವು.

ನೀವೂ ಮಾಡಿ ನೋಡಿ

ನಿಮ್ಮ ಮನೆ, ಓಣಿ ಅಥವಾ ನಮ್ಮ ಕಾಲೇಜಿನ ಒಂದು ಸಮಸ್ಯೆ ಆರಿಸಿಕೊಳ್ಳಿ. ನೀರೇ ಆಗಬೇಕಿಲ್ಲ. ಕಸ, ಕರೆಂಟ್, ಬಸ್ಸಿನ ನೂಕುನುಗ್ಗಲು ಯಾವುದಾದರೂ ಸರಿ.

1. ಸಂಗ್ರಹ ಯಾವುದು? ಅದನ್ನು ಬಾನಿಯಾಗಿ ಬರೆಯಿರಿ.
2. ಒಳಹರಿವು, ಹೊರಹರಿವು ಯಾವುವು? ಕಣ್ಣಿಗೆ ಕಾಣದ ಒಂದನ್ನಾದರೂ ಹುಡುಕಿ.
3. ಬೆಳೆಸುವ ಸುತ್ತು ಎಲ್ಲಿದೆ? ತಡೆಯುವ ಸುತ್ತು ಇದೆಯೇ?
4. ತೊಂದರೆ ಶುರುವಾಗುವುದಕ್ಕೂ ಅದು ನಮಗೆ ಗೊತ್ತಾಗುವುದಕ್ಕೂ ಎಷ್ಟು ವಿಳಂಬ?
5. ಇದೇ ಖಾತೆಯಿಂದ ಇನ್ನು ಯಾರು ಯಾರು ತೆಗೆಯುತ್ತಿದ್ದಾರೆ? ಅವರನ್ನು ಕೇಳಿದ್ದೀರಾ?

ಐದನೇ ಪ್ರಶ್ನೆಯನ್ನು ಬಿಡಬೇಡಿ. ಮೊದಲ ನಾಲ್ಕನ್ನು ನಾನು ವಹಿಯಲ್ಲಿ ಒಬ್ಬಳೇ ಕೂತು ಬರೆದೆ. ಐದನೆಯದಕ್ಕೆ ಪಕ್ಕದ ಹೊಲಕ್ಕೆ ನಡೆದು ಹೋಗಬೇಕಾಯಿತು. ಕಾಕಾ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಮಾತು ನನ್ನ ಲೆಕ್ಕಕ್ಕೆ ಸೇರಿದ್ದು ಆಗಲೇ.

ಜನವರಿಯಲ್ಲಿ ಮತ್ತೆ ಡ್ರಮ್ ಇಟ್ಟು ಅಳೆಯುತ್ತೇನೆ. 100 ಸೆಕೆಂಡು ಬರುತ್ತದೋ, ಹೆಚ್ಚೋ, ಕಡಿಮೆಯೋ, ಬಂದದ್ದನ್ನು ಹಾಗೆಯೇ ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ.